ಘೋರವೇಣಿ ಯಾವೂರಿನವಳು?

ಮನುಷ್ಯರ ಜೊತೆ ಬೆರೆಯುವುದರಲ್ಲಿ ನಾನು ಪಳಗಿದ ಕೈ. ಬಸ್ಸಿನಲ್ಲಿ ಪಕ್ಕ ಕೂತವರಿಗೆ "ಯಾವೂರು? ಯಾರ ಮನೆ?" ಎಂದರೆ ಸಾಕು, ಎರಡು ಸ್ಟಾಪು ದಾಟುವುದರೊಳಗೆ ಅವರು ನನಗೆ ದೂರದ ಭಾವನೋ ಚಿಕ್ಕಪ್ಪನೋ ಆಗಿರುತ್ತಾರೆ. ಹೀಗಾಗಿ, ತೀರ್ಥಹಳ್ಳಿಯಲ್ಲಿ ನಾನು ನೋಡಿ ಬಂದ ಹುಡುಗಿ ಸಿಂಚನಾ ಆರುನೂರು ಪುಟದ ಮಾಯಾಲೋಕದ ಕಾದಂಬರಿಯೊಂದನ್ನು ಕೈಗಿಟ್ಟು, "ಓದಿ, ಯಾರು ಇಷ್ಟ ಆದ್ರು ಅಂತ ಹೇಳಿ. ಆಮೇಲೆ ನಾನು ಹೂಂ, ಊಹೂಂ ಹೇಳ್ತೀನಿ" ಎಂದಾಗ ನಾನು ನಕ್ಕುಬಿಟ್ಟೆ. ಇಷ್ಟೇನಾ!

ಮೊದಲ ಪುಟದಲ್ಲೇ ರಾಜಕುಮಾರ ಝರಿತಾಂಶು ಬೆಟ್ಟದ ತುದಿಯಲ್ಲಿ ನಿಂತು ಅಳುತ್ತಿದ್ದ. ನನಗೆ ಏನೂ ಅನ್ನಿಸಲಿಲ್ಲ. ಅವನ ಊರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಅಮ್ಮನ ತವರು ಯಾವುದೆಂದು ಬರೆದೇ ಇಲ್ಲ! ನೂರನೇ ಪುಟದಲ್ಲಿ ಡ್ರ್ಯಾಗನ್ ಅವನ ಅಪ್ಪನನ್ನೇ ನುಂಗಿತು. ನಾನು ಆಕಳಿಸಿದೆ.

"ಅಮ್ಮಾ, ಒಬ್ರು ತೀರ್ಕೊಂಡ್ರು. ಒಂಚೂರೂ ಬೇಜಾರೇ ಆಗ್ತಿಲ್ಲ."

"ಯಾರಾ? ಹತ್ತಿರದವ್ರಾ?"

"ಕಾದಂಬರೀಲಿ."

"ಹಂಗಾರೆ ಸೂತಕ ಇಲ್ಲ ಬಿಡು. ಯಾವೂರಿನವ್ರು ಅಂತ ಗೊತ್ತಿದ್ರೆ ತಾನೆ ಬೇಜಾರಾಗೋದು?"

ಅಲ್ಲಿ ನನ್ನ ಬುದ್ಧಿ ಬೆಳಗಿತು. ಪೆನ್ಸಿಲ್ ತೆಗೆದು ಪುಟದ ಅಂಚಿನಲ್ಲಿ ಎಲ್ಲರಿಗೂ ಊರು, ನೆಂಟಸ್ತಿಕೆ ಹಂಚತೊಡಗಿದೆ. ಕುಳ್ಳರ ರಾಜ ಥ್ರುಮ್ಮನಿಗೆ 'ಸಾಗರದ ಚಿಕ್ಕಪ್ಪ' ಎಂದು ಬರೆದೆ. ಅದೇ ಎತ್ತರ, ಅದೇ ಸಿಟ್ಟು. ಡ್ರ್ಯಾಗನ್ನಿಗೆ ಹುಲಿಕಲ್ ಘಾಟಿ ಕೊಟ್ಟೆ. ತಿರುವಿನಲ್ಲಿ ಹೊಗೆ ಬಿಡಲು ಅನುಕೂಲ. ರಾಜಕುಮಾರನ ಪಕ್ಕ 'ನಾನು' ಎಂದು ಬರೆದೆ. ನಾಚಿಕೆಯೇನೂ ಆಗಲಿಲ್ಲ.

ಉಳಿದವಳು ಮಾಟಗಾತಿ ಘೋರವೇಣಿ. ಪ್ರಶ್ನೆ ಕೇಳಿ ಕೇಳಿಯೇ ಎದುರಿಗಿದ್ದವರನ್ನು ಕಲ್ಲು ಮಾಡುವವಳು. ಹುಡುಗಿ ನೋಡಲು ಹೋದ ದಿನ ಸಿಂಚನಾಳ ಅಮ್ಮ ಶಾರದಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಮೊಬೈಲ್ ರಿಪೇರಿ ಅಂದ್ರೆ ಬರೀ ಗ್ಲಾಸ್ ಹಾಕೋದಾ, ಒಳಗಿಂದೂ ಗೊತ್ತಾ?" ಎಂದು ಕೇಳಿದ್ದು ನೆನಪಾಯಿತು. ಅಂದು ನಾನು ಕಲ್ಲಾಗಿದ್ದೆ. ಬರೆದೆ: 'ತೀರ್ಥಹಳ್ಳಿ ಅತ್ತೆ. ಕನ್ನಡಕ ಒಂದು ಇಲ್ಲ, ಅಷ್ಟೇ.'

ಆಮೇಲೆ ನೋಡಬೇಕಿತ್ತು, ಪುಟಗಳು ಹಾರಿದವು! ಯುದ್ಧದಲ್ಲಿ ಥ್ರುಮ್ಮ ಬಿದ್ದಾಗ ತಡೆಯಲಾರದೆ ಸಾಗರಕ್ಕೆ ಫೋನ್ ಮಾಡಿದೆ.

"ಚಿಕ್ಕಪ್ಪಾ, ಆರಾಮಿದೀರಾ?" ಎಂದೆ.

"ಈಗ ಎಂತ ಬೇಕಾಗಿತ್ತಾ ನಿಂಗೆ?"

ಕಾದಂಬರಿ ಮುಗಿಸಿದ ಹೆಮ್ಮೆಯಲ್ಲಿ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ, ಸಿಂಚನಾಳ ಹೆಸರು ಬರೆದು, ನಮ್ಮೂರು ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದೆ. ಅಂಗಡಿಯಲ್ಲಿ ಗಿರಾಕಿಗಳ ನಾಲ್ಕು ಫೋನು ಬಿಚ್ಚಿ ಮುಚ್ಚಿದ ಮೇಲೆ ಟೇಬಲ್ಲಿನ ಮೂಲೆಯಲ್ಲಿ ಏನೋ ಕಂಡಿತು. ಹೊಚ್ಚ ಹೊಸ ರಬ್ಬರ್! ಬರೆದದ್ದನ್ನೆಲ್ಲ ಅಳಿಸಲೆಂದೇ ತಂದಿಟ್ಟದ್ದು.

ತಕ್ಷಣ ಕಂಡಕ್ಟರಿಗೆ ಫೋನ್ ಹಚ್ಚಿದೆ.

"ಅಣ್ಣಾ, ಆ ಪಾರ್ಸೆಲ್ ಯಾರಿಗೂ ಕೊಡ್ಬೇಡಿ!"

"ಕೊಟ್ಟಾಯ್ತಲ್ಲ ಮಾರಾಯ. ಮಗಳು ಬರ್ಲಿಲ್ಲ, ಅಮ್ಮನೇ ಬಂದಿದ್ರು. ಇಲ್ಲೇ ಬೆಂಚಿನ ಮೇಲೆ ಬಿಚ್ಚಿ ಓದ್ತಾ ಕೂತಿದಾರೆ. ಭಾರಿ ಇಂಟ್ರೆಸ್ಟು ಮಾರಾಯ, ತಲೆ ಎತ್ತಿಲ್ಲ!"

ನಾಲ್ಕು ದಿನ ತೀರ್ಥಹಳ್ಳಿಯಿಂದ ಸದ್ದಿಲ್ಲ. ನನ್ನ ಮದುವೆಗೆ ಸೂತಕ ಆಚರಿಸುತ್ತಾ ಅಂಗಡಿಯಲ್ಲಿ ಕೂತಿದ್ದೆ. ಐದನೇ ದಿನ ಅದೇ ಕಂಡಕ್ಟರ್ ಅದೇ ಪುಸ್ತಕ ತಂದುಕೊಟ್ಟ. ಘೋರವೇಣಿಯ ಪುಟ ತೆರೆದೆ. ನನ್ನ ಸಾಲಿನ ಕೆಳಗೆ ದುಂಡಗಿನ ಅಕ್ಷರ: 'ಕನ್ನಡಕ ಹಾಕಿಕೊಂಡೇ ಓದಿದ್ದೇನೆ.'

ಆಗಲೇ ಫೋನ್ ಬಂತು. ಸಿಂಚನಾ!

"ಅಮ್ಮಂಗೆ ಘೋರವೇಣಿ ಭಾರಿ ಇಷ್ಟ ಆಗಿದಾಳೆ. ಕೊನೆಗೆ ಗೆಲ್ಲೋದು ಅವಳೇ ಅಲ್ವಾ?"

"ಮತ್ತೆ... ನಮ್ಮ ವಿಷಯ?"

"ನಲವತ್ತನೇ ಪುಟ ನೋಡಿ" ಎಂದು ಇಟ್ಟುಬಿಟ್ಟಳು.

ಮೊದಲು ರಾಜಕುಮಾರನನ್ನು ನೋಡಿದೆ. 'ನಾನು' ಮಾಯವಾಗಿತ್ತು. ಅವರ ಮನೆಯಲ್ಲಿ ರಬ್ಬರ್ ಇತ್ತು!

ನಲವತ್ತನೇ ಪುಟದಲ್ಲಿ ರಾಜಕುಮಾರನ ಸಾಮಾನು ಹೊರುವ ಕತ್ತೆಯೊಂದು, ದಾರಿ ತೋರಿಸುವ ನಕ್ಷೆಯನ್ನೇ ತಿಂದು, ನಿಶ್ಚಿಂತೆಯಿಂದ ಉಲ್ಟಾ ದಿಕ್ಕಿಗೆ ನಡೆಯುತ್ತದೆ. ಅದರ ಪಕ್ಕ ಸಿಂಚನಾ ಬರೆದಿದ್ದಳು: 'ಹೊಸನಗರದವರು. ಮೊಬೈಲ್ ರಿಪೇರಿ. ಇಡೀ ಪುಸ್ತಕದಲ್ಲಿ ಇಷ್ಟ ಆದವರು ಇವರೊಬ್ಬರೇ. ಹೂಂ.'

ಆ ಕತ್ತೆಯ ಪುಟವನ್ನು ಮತ್ತೆ ಮತ್ತೆ ಓದಿದೆ. ಏನು ಹೇಳಲಿ, ಆರುನೂರು ಪುಟದಲ್ಲಿ ಊರು ಮನೆ ಕೇಳದೆಯೇ ನನ್ನವನು ಅನ್ನಿಸಿದ್ದು ಅದೊಂದೇ!