ಒಳಗೆ ಬಿಡದ ತುಳಜಾಬಾಯಿ

ಲ್ಯಾಪ್‌ಟಾಪು ನಾಲ್ಕನೇ ಸಲವೂ ಅದೇ ಮಾತು ಹೇಳಿದಾಗ ಮಹಾರುದ್ರಪ್ಪ ಮಾಸ್ತರರು ಅದಕ್ಕೊಂದು ಬಿಗಿಯಲು ಕೈ ಎತ್ತಿದರು. ಶಾಲೆಯ ಆಸ್ತಿ ಎಂಬುದು ನೆನಪಾಗಿ, ಎತ್ತಿದ ಕೈಯನ್ನು ಮೇಜಿಗೆ ಬಡಿದರು. ಅದು ಸಾಗವಾನಿ ಮೇಜು. ನೋವು ಮೊಣಕೈವರೆಗೆ ಏರಿತು, ಸಿಟ್ಟು ನೆತ್ತಿಯವರೆಗೆ.

"ಪಾಸ್‌ವರ್ಡ್ ತಪ್ಪಂತ! ನಾ ಇಟ್ಟಿದ್ದು ನನಗೇ ತಪ್ಪಂತ ಹೇಳಾಕತ್ತೈತಿ, ಸೊಕ್ಕು ನೋಡ್ರಿ ಇದರದ್ದು!"

ಅದು ಎರಡು ಸಾವಿರದ ಎಂಟನೇ ಇಸವಿ, ಒಂದು ಶನಿವಾರ ಬೆಳಗಿನ ಶಾಲೆ. ಘಾಟಬೋರಾಳದ ಕಡೆಯ ಒಂದು ಊರಿನ ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಬಸವಕಲ್ಯಾಣದ ಅಂಗಡಿಯೊಂದರಿಂದ ಈ ಲ್ಯಾಪ್‌ಟಾಪು ತಂದುಕೊಟ್ಟು ಆರು ತಿಂಗಳಾಗಿತ್ತು. ಗಣಿತದ ಮಹಾರುದ್ರಪ್ಪನವರು ಬೀದರಿನಲ್ಲಿ ಹತ್ತು ದಿನದ ತರಬೇತಿ ಮುಗಿಸಿ ಬಂದಿದ್ದರಿಂದ ಅದು ಅವರ ವಶಕ್ಕೆ ಬಂತು. ವಶಕ್ಕೆ ಬಂದದ್ದನ್ನು ಅವರು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಹತ್ತನೇ ತರಗತಿಯ ಅರವತ್ಮೂರು ಮಕ್ಕಳ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಎಲ್ಲವನ್ನೂ ಒಂದೇ ಬೆರಳಿನಿಂದ ಎಂಟು ದಿನ ಕುಟ್ಟಿ ಕುಟ್ಟಿ ಅದರೊಳಗೆ ತುಂಬಿದ್ದರು. ಆ ಪಟ್ಟಿ ಇವತ್ತು ಸಂಜೆ ನಾಲ್ಕರೊಳಗೆ ಹುಮನಾಬಾದಿನಲ್ಲಿ ತಾಲೂಕಿನ ಶಿಕ್ಷಣಾಧಿಕಾರಿ ಸಾಹೇಬರ ಕಚೇರಿ ಸೇರಬೇಕು. ಸೇರದಿದ್ದರೆ ಮಕ್ಕಳಿಗೆ ಪರೀಕ್ಷೆಯ ಪ್ರವೇಶ ಪತ್ರ ಬರುವುದಿಲ್ಲ. ಪಟ್ಟಿಯ ಇನ್ನೊಂದು ಪ್ರತಿಯನ್ನು ಮಾಸ್ತರರು ಬೇರೆಲ್ಲೂ ತೆಗೆದಿಟ್ಟಿರಲಿಲ್ಲ. ಕದ್ದುಬಿಟ್ಟಾರು ಎಂಬ ಅನುಮಾನ.

ಅಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಮಂದಿ ಸೇರಿತು. ಮೊದಲು ಮಾತಾಡಿದವರು ವಿಜ್ಞಾನದ ದ್ರೌಪತಿ ಟೀಚರ್.

"ಸರ್, ಕ್ಯಾಪ್ಸ್ ಲಾಕ್ ನೋಡ್ರಿ. ಅದು ಒತ್ತಿದ್ರ ಅಕ್ಷರ ದೊಡ್ಡವು ಆಗ್ತಾವು, ಪಾಸ್‌ವರ್ಡ್ ಹತ್ತಂಗಿಲ್ಲ."

"ನನಗೇನ್ ಅಷ್ಟೂ ತಿಳಿಯಂಗಿಲ್ಲೇನ್ರಿ?" ಎಂದು ಮಾಸ್ತರರು ಹರಿಹಾಯ್ದು, ಟೀಚರ್ ಆ ಕಡೆ ತಿರುಗಿದ ಮೇಲೆ ಮೆಲ್ಲಗೆ ನೋಡಿದರು. ಕ್ಯಾಪ್ಸ್ ಲಾಕ್ ಸರಿಯಾಗಿಯೇ ಇತ್ತು. ಅದಕ್ಕೂ ಅವರಿಗೆ ಸಿಟ್ಟು ಬಂತು.

ಹಿಂದಿಯ ಓಂಪ್ರಕಾಶ ಮಾಸ್ತರರು, "ಬ್ಯಾಟರಿ ಬಿಚ್ಚಿ ನೂರರ ತನಕ ಎಣಸ್ರಿ. ನಮ್ಮ ಷಡ್ಡಕನ ಲ್ಯಾಪ್‌ಟಾಪ್ ಹಂಗೇ ಶುರು ಆತು," ಎಂದರು. ಬ್ಯಾಟರಿ ಬಿಚ್ಚಿದರು. ಎಲ್ಲರೂ ಸೇರಿ ಎಣಿಸಿದರು. ಎಪ್ಪತ್ತಕ್ಕೆ ಬಂದಾಗ ಗಂಟೆ ಹೊಡೆಯಿತು, ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರುಮಾಡಿದರು. ನೂರಾದ ಮೇಲೆ ಲ್ಯಾಪ್‌ಟಾಪು ಎದ್ದಿತು, ಆಕಳಿಸಿತು, ಪಾಸ್‌ವರ್ಡ್ ತಪ್ಪು ಎಂದಿತು.

"ಏನದು ಪಾಸ್‌ವರ್ಡು? ಹೇಳ್ರಿ, ನಾ ಹೊಡೆದು ನೋಡ್ತೀನಿ," ಎಂದರು ಹೆಡ್‌ಮಾಸ್ತರ್ ಗುರುನಾಥರು.

"ಅದು ಗುಪ್ತ ಇರ್ತದ್ರಿ."

"ಹೆಡ್‌ಮಾಸ್ತರಿಗೂ ಗುಪ್ತ ಏನ್ರಿ? ಅರವತ್ಮೂರು ಮಂದಿ ತಾಯಿ-ತಂದಿ ನಾಳೆ ನನ್ನ ಕೊರಳಪಟ್ಟಿ ಹಿಡೀತಾರ!"

ಮಾಸ್ತರರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಹೇಳದೆ ಗತಿಯಿರಲಿಲ್ಲ. "ತುಳಜಾಬಾಯಿ," ಎಂದರು, ಮೂಗಿನೊಳಗೆ.

"ಆಂ?"

"ತುಳಜಾಬಾಯಿ ಅಂದ್ನಿ! ತುಳಜಾಬಾಯಿ!"

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಹೆಂಡತಿಯ ಹೆಸರನ್ನು ಮನೆಯಲ್ಲೂ ಕರೆಯದ ಮನುಷ್ಯ, ಅದನ್ನು ಹೊರಗಿನ ವರಾಂಡದಲ್ಲಿ ಕೂತ ಎಂಟನೇ ತರಗತಿಗೂ ಕೇಳುವಂತೆ ಕೂಗಿದ್ದರು. ದ್ರೌಪತಿ ಟೀಚರ್ ಸೆರಗು ಬಾಯಿಗೆ ಒತ್ತಿಕೊಂಡರು. ಹೆಡ್‌ಮಾಸ್ತರರು ಗಂಭೀರವಾಗಿ ಒಂದೊಂದೇ ಅಕ್ಷರ ಹೊಡೆದರು. ತುಳಜಾಬಾಯಿ ಅವರನ್ನೂ ಒಳಗೆ ಬಿಡಲಿಲ್ಲ.

"ಅಂದ್ರ ಯಾರೋ ಬದಲಿ ಮಾಡ್ಯಾರ," ಎಂದರು ಓಂಪ್ರಕಾಶ ಸುಮ್ಮನೆ, ತಂಬಾಕು ತಿಕ್ಕುತ್ತ.

ಆ ಮಾತು ಒಣಹುಲ್ಲಿಗೆ ಬಿದ್ದ ಬೀಡಿಯ ತುಂಡಾಯಿತು. ನಿನ್ನೆ ಮಧ್ಯಾಹ್ನ ಡ್ರಿಲ್ ಮಾಸ್ತರ ಅಜೀತ ಈ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಒಬ್ಬನೇ ಕೂತಿದ್ದನ್ನು ಮಹಾರುದ್ರಪ್ಪನವರು ಕಂಡಿದ್ದರು. ಅಜೀತ ಹೊಸಬ. ನೌಕರಿಗೆ ಸೇರಿ ವರ್ಷವಾಗಿತ್ತಷ್ಟೇ, ಇನ್ನೂ ಕಾಯಂ ಆಗಿರಲಿಲ್ಲ. ಆಟದ ಬಯಲಿನಿಂದ ಅವನನ್ನು ಕರೆಸಿದರು.

"ನಿನ್ನೆ ನೀ ಇದರ ಮುಂದ ಏನ್ ಮಾಡಾಕತ್ತಿದ್ದಿ?"

ಅಜೀತನ ಮುಖ ಕೆಂಪಾಯಿತು. "ತಲಿ ಬಾಚ್ಕೋಳಾಕತ್ತಿದ್ದೆ ರೀ ಸರ್. ಕನ್ನಡಿ ಒಡದಾದಲ್ರಿ. ಇದು ಬಂದ್ ಇದ್ದಾಗ ಮುಖ ಚೊಲೊ ಕಾಣ್ತದ."

"ಸುಳ್ಳು! ಪಾಸ್‌ವರ್ಡ್ ಬದಲಿ ಮಾಡಿದವ ನೀನೇ! ನಾ ಮುಟ್ಟಾಕ ಬಿಡಲಿಲ್ಲಂತ ಹಗೆ ತೀರಿಸ್ಕೊಂಡಿ!"

"ಸರ್, ಆಣಿ ಮಾಡಿ ಹೇಳ್ತೀನಿ, ನನಗ ಅದರ ಗಂಧಾನೂ ಗೊತ್ತಿಲ್ರಿ. ನೀವು ಹಿರೇರು ಅದೀರಿ, ನಾಲ್ಕು ಮಂದ್ಯಾಗ ಹಿಂಗ ಅನಬ್ಯಾಡ್ರಿ." ಅವನ ಧ್ವನಿ ನಡುಗುತ್ತಿತ್ತು. ನಡುಗುವುದು ತಪ್ಪಿತಸ್ಥನ ಗುರುತು ಎಂದು ಮಾಸ್ತರರು ತೀರ್ಮಾನಿಸಿದರು.

ಅಲ್ಲೇ ಕೂತು ಸಾಹೇಬರಿಗೆ ಎರಡು ಪುಟದ ತಕರಾರು ಅರ್ಜಿ ಬರೆದರು. ಸಿಟ್ಟಿನಲ್ಲಿ ಅವರ ಕನ್ನಡ ಬಹಳ ಚೆನ್ನಾಗಿ ಬರುತ್ತಿತ್ತು. 'ಸದರಿ ಅಜೀತ ಎಂಬಾತನು ಗಣಕಯಂತ್ರದ ಸಕಲ ಮರ್ಮಗಳನ್ನು ಬಲ್ಲವನಾಗಿದ್ದು, ಯಾರಿಗೂ ಕಿಂಚಿತ್ತೂ ಸುಳಿವು ದೊರೆಯದಂತೆ ಅದರ ಅಂತರಂಗವನ್ನು ಹೊಕ್ಕು, ರಹಸ್ಯ ಪದವನ್ನೇ ಮಾರ್ಪಡಿಸಿರುತ್ತಾನೆ. ಇಂಥವನನ್ನು ನಮ್ಮ ಶಾಲೆಯಿಂದ ತಕ್ಷಣ ತೆಗೆಯಬೇಕು.' ಅಂಟು ಹಚ್ಚಿ, ಹುಮನಾಬಾದಿನಲ್ಲಿ ಮನೆಯಿದ್ದ ಓಂಪ್ರಕಾಶರ ಕೈಗೆ ಲಕೋಟೆ ಕೊಟ್ಟರು.

"ಸಾಹೇಬ್ರ ಮೇಜಿನ ಮ್ಯಾಲ, ಸ್ವತಃ ನಿಮ್ಮ ಕೈಲಿ ಇಡಬೇಕು."

"ಒಂದ್ಸಲ ಇಚಾರ ಮಾಡ್ರಿ. ಪಾಪ, ಹುಡುಗನ ನೌಕರಿ…"

"ಇಡ್ತೀರೋ ಇಲ್ಲೋ?"

ಓಂಪ್ರಕಾಶ ಲಕೋಟೆಯನ್ನು ಜೇಬಿಗಿಟ್ಟುಕೊಂಡು ಹುಮನಾಬಾದಿನ ಬಸ್ಸು ಹತ್ತಿದರು. ಮಾಸ್ತರರು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದರು. ಡ್ರೈವರು ಗುಂಡಿಯೊಂದರ ಮೇಲೆ ಹಾರಿಸಿದಾಗ ಡ್ರೈವರನ್ನು ಬೈದರು, ರಸ್ತೆಯನ್ನು ಬೈದರು. ಪಕ್ಕದವನು "ಅದ್ರಾಗೇನೈತ್ರಿ?" ಎಂದು ಕೇಳಿದ್ದಕ್ಕೆ ಅವನನ್ನೂ ಬೈದರು.

ಬಸವಕಲ್ಯಾಣದಲ್ಲಿ ಲ್ಯಾಪ್‌ಟಾಪು ಮಾರಿದ ಅಂಗಡಿಯ ಅಬ್ದುಲ್ ರಜಾಕ್ ಊಟಕ್ಕೆ ಹೋಗಿದ್ದ. ಬರುವ ಹೊತ್ತಿಗೆ ಎರಡೂಕಾಲು.

"ಎಂಥಾ ಮಾಲು ಕೊಟ್ಟೀಪಾ ನೀ? ಮಾಲಕನ್ನ ಗುರ್ತು ಹಿಡಿಯಂಗಿಲ್ಲ ಅದು!"

"ಗುಸ್ಸಾ ಯಾಕ್ರಿ ಮಾಸ್ತರ್ ಸಾಬ್? ಕೂಡ್ರಿ, ನೀರ್ ಕುಡೀರಿ. ಪಾಸ್‌ವರ್ಡ್ ಹೊಡಿಬೇಕಾದ್ರ ಬರೇ ಚುಕ್ಕಿ ಕಾಣ್ತಾವು, ಏನ್ ಹೊಡದೀವಿ ಅಂತ ತಿಳಿಯಂಗಿಲ್ಲ. ಅದನ್ನ ಮ್ಯಾಲಿನ ಹೆಸರಿನ ಖಾನೆದಾಗ ಹೊಡೀರಿ. ಅಲ್ಲಿ ಅಕ್ಷರ ಕಾಣ್ತಾವು."

ಮಾಸ್ತರರು ಒಂದೇ ಬೆರಳಿನಿಂದ ಹೊಡೆದರು. ನೋಡಿದರೆ ತುಳಜಾಬಾಯಿಯ ಹೊಟ್ಟೆಯಲ್ಲಿ ನಾಲ್ಕು, ಮೂರು, ಒಂದು ಎಂಬ ಅಂಕಿಗಳು ಕೂತಿದ್ದವು. ಬಾಲದಲ್ಲೊಂದು ಐದು.

"ನಮ್ ಲಾಕ್, ನಂಬರಿನ ಬೀಗ, ಬಿದ್ದದ," ಎಂದು ನಕ್ಕ ರಜಾಕ್. "ಲ್ಯಾಪ್‌ಟಾಪಿನಾಗ ಇದು ಬಿತ್ತಂದ್ರ ಬಲಗಡೀ ಅಕ್ಷರ ಎಲ್ಲಾ ಅಂಕಿ ಆಗ್ತಾವು. ಇಲ್ನೋಡ್ರಿ, ಸಣ್ಣ ದೀಪ ಹತ್ತೇದ." ಮೇಲಿನ ಮೂಲೆಯ ಗುಂಡಿಯನ್ನು ಒಮ್ಮೆ ಒತ್ತಿದ. ದೀಪ ಆರಿತು. ಮಾಸ್ತರರು ಮತ್ತೆ ಪಾಸ್‌ವರ್ಡ್ ಹೊಡೆದರು. ಬಾಗಿಲು ತೆರೆಯಿತು. ಅರವತ್ಮೂರು ಮಕ್ಕಳೂ ಸಾಲಾಗಿ ನಿಂತಿದ್ದರು.

"ಯಾರರ ಅರಿವಿ ತಗೊಂಡು ಗುಂಡಿ ಮ್ಯಾಲೆ ತಿಕ್ಕಿ ವರಸ್ಯಾರೇನ್ರಿ? ಬಂದ್ ಮಾಡಿ ವರಸಬೇಕ್ರಿ. ಚಾಲೂ ಇದ್ದಾಗ ವರಸಿದ್ರ ಹಿಂಗೇ."

ಮಾಸ್ತರರ ಕೈ ತಮ್ಮ ಹೆಗಲಿಗೆ ಹೋಯಿತು. ಇವತ್ತು ಬೆಳಿಗ್ಗೆ ಎಂಟಕ್ಕೆ, ಯಂತ್ರ ಚಾಲೂ ಇದ್ದಾಗಲೇ, ಹೆಗಲ ಮೇಲಿನ ಟವೆಲಿನಿಂದ ಅದನ್ನು ತಿಕ್ಕಿ ತಿಕ್ಕಿ ಒರೆಸಿದ್ದವರು ಅವರೇ. ದಿನದ ಸಿಟ್ಟೆಲ್ಲ ಹೊರಗೆ ಹೋಗಲು ದಾರಿ ಕಾಣದೆ ತಿರುಗಿ ಅವರ ಮೇಲೆಯೇ ಬಿತ್ತು. ಮೊಬೈಲು ತೆಗೆದು ಓಂಪ್ರಕಾಶರಿಗೆ ಹಚ್ಚಿದರು.

"ಆ ಲಕೋಟೆ ಕೊಡಬ್ಯಾಡ್ರಿ!"

"ಕೊಟ್ಟೆ ಅಲ್ರಿ! ಮೇಜಿನ ಮ್ಯಾಲ ಸ್ವತಃ ಇಟ್ಟು ಬಂದೆ. ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ನಾಲ್ಕಕ್ಕ ಬರ್ತಾರಂತ."

ಮಾಸ್ತರರು ರಸ್ತೆಗೆ ಓಡಿದರು. ಬಸ್ಸು ಹೋಗಿಯಾಗಿತ್ತು. ಟಂಟಂ ಎಂಬ ಮೂರು ಗಾಲಿಯ ಬಾಡಿಗೆ ಗಾಡಿಯೊಂದರಲ್ಲಿ ಹದಿನಾಲ್ಕನೆಯವರಾಗಿ ತೂರಿಕೊಂಡರು. ಮುಚ್ಚಿದರೆ ಮತ್ತೆ ಬೀಗ ಬಿದ್ದೀತೆಂಬ ಹೆದರಿಕೆಯಿಂದ ಲ್ಯಾಪ್‌ಟಾಪನ್ನು ತೆರೆದೇ ತೊಡೆಯ ಮೇಲಿಟ್ಟುಕೊಂಡಿದ್ದರು. ಏನೂ ಆಗುವುದಿಲ್ಲ ಎಂದು ರಜಾಕ್ ಹೇಳಿದ್ದ. ಆದರೆ ಅವನು ನಕ್ಕಿದ್ದನಲ್ಲ, ಅವನ ಮಾತು ಕೇಳುವುದೆಂತು?

ಎದುರಿಗೆ ಕೂತ ವಜೀರಬಿ ಎಂಬ ಮುದುಕಿ ಬಂಗ್ಲಾ ಕ್ರಾಸಿನವರೆಗೆ ಸುಮ್ಮನಿದ್ದಳು. ಅಲ್ಲಿಂದ ಮುಂದೆ ಅವಳಿಗೆ ತಡೆಯಲಾಗಲಿಲ್ಲ. "ಯಪ್ಪಾ, ಟೀವಿ ತಗದು ಕುಂತೀದಿ, ಒಂದು ಹಾಡರ ಹಚ್ಚು."

"ಇದು ಟೀವಿ ಅಲ್ಲಬೇ!"

"ಹಾಡು ಬರಂಗಿಲ್ಲ ಅಂದ್ರ ಮುಚ್ಚಿಬಿಡು. ಬೆಳಕು ಕಣ್ಣಿಗೆ ಹೊಡೀತದ."

ಟಂಟಂನಲ್ಲಿ ಎರಡು ಪಕ್ಷಗಳಾದವು. ಹಾಡು ಬರುತ್ತದೆ, ಮಾಸ್ತರರಿಗೆ ಹಚ್ಚಲು ಬರುವುದಿಲ್ಲ ಎಂದು ಒಂದು ಪಕ್ಷ. ಬರುತ್ತದೆ, ಸೊಕ್ಕಿನಿಂದ ಹಚ್ಚುತ್ತಿಲ್ಲ ಎಂದು ಇನ್ನೊಂದು. ರಾಜೇಶ್ವರ ದಾಟುವಾಗ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಮಾಸ್ತರರು ಹಾಕಿದ ಕೂಗಿಗೆ ಟಂಟಂನವನು ಯಾರೋ ಕೆಳಗೆ ಬಿದ್ದರೆಂದು ಗಾಡಿ ನಿಲ್ಲಿಸಿದ. ಬಿದ್ದವರನ್ನು ಹುಡುಕಲು ಐದು ನಿಮಿಷ ಹೋಯಿತು.

ಹುಮನಾಬಾದಿನ ಕಚೇರಿಗೆ ಓಡಿ ಹೋದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಗುಮಾಸ್ತ ಮಹೆಬೂಬ ಗೋಡೆಯ ಪ್ಲಗ್ಗು ತೋರಿಸಿದ. ಲ್ಯಾಪ್‌ಟಾಪು ಎದ್ದಿತು, ತುಳಜಾಬಾಯಿ ತಕರಾರಿಲ್ಲದೆ ಒಳಗೆ ಬಿಟ್ಟಳು, ಪಟ್ಟಿ ಕಚೇರಿಯ ಕಂಪ್ಯೂಟರಿಗೆ ದಾಟಿತು. ಮಕ್ಕಳು ಉಳಿದರು.

"ಸಾಹೇಬ್ರ ಮೇಜಿನ ಮ್ಯಾಲ ನಂದೊಂದು ಲಕೋಟೆ ಅದ. ಜರಾ ತಗೋತೀನಿ," ಎಂದರು ಮಾಸ್ತರರು, ಆದಷ್ಟು ಸಹಜವಾಗಿ.

"ಸಾಹೇಬ್ರು ಮೂರಕ್ಕೇ ಬಂದಾರ್ರಿ. ಓದ್ಯಾರ. ನಿಮ್ಮ ಹೆಡ್‌ಮಾಸ್ತರಿಗೆ ಫೋನ್ ಹಚ್ಚಿ ಆ ಅಜೀತ ಅನ್ನವರನ್ನ ಕರಸ್ಯಾರ. ನೀವು ಒಳಗ ನಡೀರಿ."

ಮಾಸ್ತರರು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿದರು. ಒಳಗೆ ಹೋದರು. ಸಿಟ್ಟಿನ ಮನುಷ್ಯನಾದರೂ ಅನ್ಯಾಯದ ಮನುಷ್ಯನಲ್ಲ. ಕೈ ಮುಗಿದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು:

"ಸಾಹೇಬ್ರ, ಆ ಅರ್ಜಿ ಸುಳ್ಳದ. ಹುಡುಗಂದು ಏನೂ ತಪ್ಪಿಲ್ಲ. ನಾನೇ ಟವೆಲ್‌ಲೆ ವರಸಿ ನಮ್ ಲಾಕ್ ಹಾಕೀನಿ. ಅವಗ ಕಂಪ್ಯೂಟರಿಂದು ಏನೇನೂ ಬರಂಗಿಲ್ಲ. ಶಿಕ್ಷಾ ಕೊಡೋದಿದ್ರ ನನಗ ಕೊಡ್ರಿ."

ಸಾಹೇಬರು ಕನ್ನಡಕ ತೆಗೆದು ಅವರನ್ನು ಪ್ರೀತಿಯಿಂದ ನೋಡಿದರು.

"ಕೂಡ್ರಿ ಮಾಸ್ತರ್ರ. ಎಂಥಾ ದೊಡ್ಡ ಮನಸು ನಿಮ್ಮದು! ಸಿಟ್ಟಿನಾಗ ಖರೇದು ಬರದ್ರಿ, ಈಗ ಹುಡುಗನ ನೌಕರಿ ಉಳಸಾಕ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳಾಕತ್ತೀರಿ. ಹೆದರಬ್ಯಾಡ್ರಿ, ನಾ ಅವಗ ಶಿಕ್ಷಾ ಕೊಡಂಗಿಲ್ಲ."

"ಅಲ್ರಿ, ಖರೇನೇ ಅವಗ—"

"ನನ್ನ ಮಾತು ಕೇಳ್ರಿ. ಸೋಮವಾರದಿಂದ ತಾಲೂಕಿನ ಮಾಸ್ತರ್ರಿಗೆಲ್ಲಾ ಕಂಪ್ಯೂಟರ್ ತರಬೇತಿ ಶುರು ಆಗಬೇಕಂತ ಮ್ಯಾಲಿಂದ ಹುಕುಂ ಬಂದದ. ಕಲಿಸವ್ರು ಯಾರದಾರ ಅಂತ ಎಲ್ಲಾ ಶಾಲೆಗೂ ಬರದು ಕೇಳ್ದೆ. 'ನಮ್ಮಲ್ಲಿ ಯಾರೂ ಇಲ್ಲ' ಅಂತ ಎಲ್ಲಾರೂ ಕೈ ಎತ್ತಿದ್ರು. ಈಗ ನಿಮ್ಮ ಅರ್ಜಿ ಸಿಕ್ತು." ಕಾಗದ ಎತ್ತಿ ಓದಿದರು. "'ಸಕಲ ಮರ್ಮಗಳನ್ನು ಬಲ್ಲವನಾಗಿದ್ದು'! ಇಂಥಾ ಮನಷ್ಯಾ ನಮ್ಮ ತಾಲೂಕಿನಾಗೇ ಇದ್ದಾನಂತ ನನಗ ಮಾಲೂಮೇ ಇರಲಿಲ್ಲ. ಅವನ್ನ ತೆಗೀಬೇಕಂತ ಬರದೀರಿ, ತಗದೀನಿ. ಇನ್ನ ಮ್ಯಾಲ ಅವ ಇಲ್ಲೇ, ಕಚೇರ್ಯಾಗ. ತರಬೇತಿಗೆ ನಿಮ್ಮ ಶಾಲೀ ಲ್ಯಾಪ್‌ಟಾಪ್ ಅವನ ಕೈಲಿ ಇರ್ಲಿ. ಮತ್ತ ಡ್ರಿಲ್ ಪಿರಿಯಡ್ ಯಾರರ ನೋಡ್ಕೋಬೇಕಲ್ಲ? ಅವನ ಮ್ಯಾಲ ಇಷ್ಟು ಕಳಕಳಿ ಇರೋವ್ರು ನೀವೇ. ನಿಮ್ಮ ಹೆಸರೇ ಹಾಕೀನಿ."

ಮಾಸ್ತರರ ಕೈ ಎದ್ದಿತು. ಹೊಡೆಯಲು ಮೇಜು ಎದುರಿಗೇ ಇತ್ತು. ಆದರೆ ಅದು ಸಾಹೇಬರದು.

ಅಷ್ಟರಲ್ಲಿ ಅಜೀತ ಬಂದ. ನೌಕರಿ ಹೋಯಿತೆಂದೇ ತಿಳಿದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದಿದ್ದ. ಮಾಸ್ತರರನ್ನು ಸುಟ್ಟುಬಿಡುವಂತೆ ನೋಡಿದ. ಸಾಹೇಬರು ಎದ್ದು ಅವನ ಕೈ ಕುಲುಕಿ, ಹುಡುಗಾಟ ಬಿಡಬೇಕೆಂದು ಬುದ್ಧಿ ಹೇಳಿ, ಆದೇಶದ ಕಾಗದ ಕೊಟ್ಟು ಕಳಿಸಿದರು. ಅವನು ಅದನ್ನು ಹೊರಗಿನ ಬೇವಿನ ಮರದ ಕೆಳಗೆ ನಿಂತು ಮೂರು ಸಲ ಓದಿದ.

"ಸರ್, ಇದೇನ್ರಿ? ಸೋಮವಾರ ನಲವತ್ತು ಮಂದಿ ಮಾಸ್ತರ್ರಿಗೆ ನಾ ಕಲಿಸಬೇಕಂತ!"

"ನನಗ ಬರಂಗಿಲ್ಲಂತ ಹೋಗಿ ಹೇಳು!" ಎಂದು ಗುಡುಗಿದರು ಮಹಾರುದ್ರಪ್ಪ.

ಅಜೀತ ಕಾಗದವನ್ನು ಮಡಿಸಿ ಜೇಬಿಗಿಟ್ಟ. ಬೆಳಗಿನಿಂದ ಮೊದಲ ಸಲ ಅವನ ಮುಖ ಸಡಿಲಾಯಿತು.

"ಯಾಕ್ ಹೇಳ್ಲಿ ರೀ? ನಾಲ್ಕು ಮಂದ್ಯಾಗ ನನ್ನ ಮಾನ ನೀವೇ ಕಳದ್ರಿ, ಸಾಹೇಬ್ರ ಮುಂದ ನೀವೇ ತಿರಗಿ ಕೊಡಸೀರಿ. ನಿಮ್ಮ ಮಾತು ಸುಳ್ಳು ಮಾಡೋದು ನನಗ ಚೊಲೊ ಅನಸಂಗಿಲ್ಲ." ಕೊರಳಿನ ಸೀಟಿ ಬಿಚ್ಚಿ ಮಾಸ್ತರರ ಕೈಯಲ್ಲಿಟ್ಟ. ಅವರ ಹೆಗಲಿನ ಚೀಲವನ್ನು ನಯವಾಗಿ ತನ್ನ ಹೆಗಲಿಗೆ ಬದಲಿಸಿಕೊಂಡ. "ನಾಳೆ ಐತವಾರ ದಿನಾ ಪೂರ್ತಿ ಖಾಲಿ ಅದ್ರಿ. ಮುಂಜಾನೆ ಎಂಟಕ್ಕ ನಿಮ್ಮ ಮನೀಗೆ ಬರ್ತೀನಿ. ಎಲ್ಲಾ ಕಲಸ್ರಿ. ಈಗ ಬಸ್ಸು ಬರೋದ್ರಾಗ ಇಷ್ಟೇ ಹೇಳ್ರಿ ಸರ್: ಇದನ್ನ ಚಾಲೂ ಮಾಡೋ ಗುಂಡಿ ಯಾವ್ದ್ರಿ?"