ಸುಮ್ಮನಿದ್ದರೆ ನಡುಗುವ ಕೈ

ಮನೆಯಲ್ಲೊಂದು ನಡುಗುವ ಕೈ ಇದ್ದರೆ ಊರಿಗೆ ವಿನೋದದ ಕೊರತೆಯಾಗುವುದಿಲ್ಲ. ಮೊದಲು ಸಂಗತಿಗಳು. ಕಾಲ, ಅರವತ್ತರ ದಶಕದ ಕೊನೆ. ಊರು, ಜಡಿಗೇನಹಳ್ಳಿಯಿಂದ ಒಂದು ಹರದಾರಿ. ಅಪ್ಪ ಊರಿನ ಕ್ಷೌರಿಕ. ಕೂಲಿ, ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಇಷ್ಟೆಂದು ರಾಗಿ; ನಮಗೆ ಬೇರೆ ಅನ್ನವಿರಲಿಲ್ಲ. ಅಪ್ಪನ ಬಲಗೈ ಮೊಣಕಾಲ ಮೇಲೆ ಸುಮ್ಮನಿದ್ದಾಗ ನಡುಗುತ್ತಿತ್ತು. ಕತ್ತಿ ಹಿಡಿದೊಡನೆ ನಿಲ್ಲುತ್ತಿತ್ತು. ಈ ಕೊನೆಯ ಸಂಗತಿಯನ್ನು ಊರಿನಲ್ಲಿ ನಂಬುತ್ತಿದ್ದವರು ಇಬ್ಬರೇ: ಅಪ್ಪ, ಮತ್ತು ಬಿ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನಾನು.

ಅರ್ಧ ಗಡ್ಡ

ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವರಾದ ಪಟೇಲರು ಹೊಂಗೆಯ ನೆರಳಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಎಲೆಗಳ ಸಂದಿನ ಬಿಸಿಲು ಅವರ ಕೆನ್ನೆಯ ನೊರೆಯ ಮೇಲೆ ಮೆಲ್ಲನೆ ಓಡಾಡುತ್ತಿತ್ತು. ಕೆರೆಯ ಕಡೆಯ ಗಾಳಿಗೆ ರಾಗಿ ಹೊಲಗಳು ತೂಗಿ, ಊರಿಗೆ ಊರೇ ತೂಕಡಿಸುತ್ತಿರುವಂತಿತ್ತು. ಅಪ್ಪ ಒಂದು ಕೆನ್ನೆ ಮುಗಿಸಿ, ಕತ್ತಿ ಕೆಳಗಿಟ್ಟು, ಕೈಯನ್ನು ಮೊಣಕಾಲ ಮೇಲಿಟ್ಟರು. ಪಟೇಲರು ಕಣ್ಣು ತೆರೆದದ್ದು ಆ ಗಳಿಗೆಯಲ್ಲಿ.

"ಏನ್ಲಾ ಇದು, ಕೈ ಹಿಂಗಾಡ್ತೈತೆ?"

"ಕೆಲ್ಸ ಇಲ್ದಾಗ ಮಾತ್ರ ಬುದ್ದಿ."

"ನನ್ ಕತ್ತಿನ್ ತಾವ ಬಂದಾಗ ಅದುಕ್ ಬಿಡುವಾಗ್ಬಿಟ್ರೆ?"

ಪಟೇಲರು ಒಂದು ಕೆನ್ನೆಯ ನೊರೆಯೊಡನೆ ಎದ್ದು ಹೊಸಕೋಟೆಯ ಬಸ್ಸು ಹಿಡಿದರು. ಅಲ್ಲಿನ ಕ್ಷೌರಿಕನಿಂದ ಉಳಿದ ಗಡ್ಡ ಮುಗಿಸಿಕೊಂಡು ಸಂಜೆ ಹಿಂದಿರುಗಿದಾಗ ಆ ಕೆನ್ನೆಯ ಮೇಲೆ ಎರಡು ಗಾಯಗಳಿದ್ದವು.

"ಕುಯ್ದ, ನಿಜ," ಎಂದರು, "ಆದ್ರೆ ಅವನ್ ಕೈ ಮಾತ್ರ ಒಂದಿಷ್ಟೂ ಅಲ್ಲಾಡ್ಲಿಲ್ಲ."

ಪಟೇಲರು ಎದ್ದ ಮೇಲೆ ಊರೂ ಎದ್ದಿತು. ಅಪ್ಪನ ಬಳಿ ಯಾರೂ ಕೂರಲಿಲ್ಲ. ಸುಗ್ಗಿಗೆ ಎರಡು ತಿಂಗಳಿತ್ತು.

ಕುಡಿಯದವರ ನಡುಕ

ಔಷಧಗಳು ಮಾತ್ರ ಮನೆಬಾಗಿಲಿಗೇ ಬಂದವು. ಒಬ್ಬರು ತಾಮ್ರದ ಬಳೆ ತೊಡಿಸಿದರು. ಇನ್ನೊಬ್ಬರು ಪಾರಿವಾಳದ ರಕ್ತ ಸವರಿದರು. ರಕ್ತ ನಮಗಾಯಿತು, ಪಾರಿವಾಳ ಅವರ ಸಾರಿಗಾಯಿತು. ನಾನು ಅಪ್ಪನನ್ನು ಸರ್ಕಾರಿ ಡಾಕ್ಟರ ಬಳಿಗೆ ಕರೆದೊಯ್ದೆ. ಡಾಕ್ಟರು ಚೀಟಿ ಬರೆಯಲು ಪೆನ್ನು ಎತ್ತಿದರು. ಅವರ ಕೈಯೂ ನಡುಗಿತು. ಅಪ್ಪ ಮರ್ಯಾದೆಯಿಂದ ಗೋಡೆಯ ಕಡೆ ನೋಡಿದರು.

"ಸಂಕೋಚ ಬೇಡ ಯಜಮಾನ್ರೇ. ನಿಮ್ಮದು ಸುಮ್ಮನಿದ್ದಾಗ ನಡುಗೋ ಕೈ. ಮಿದುಳಲ್ಲಿ ಒಂದು ರಸ ಕಮ್ಮಿಯಾದ್ರೆ ಹಾಗಾಗುತ್ತೆ. ಮಾತ್ರೆ ಕೊಡ್ತೀನಿ, ಸ್ವಲ್ಪ ಇಳಿಯುತ್ತೆ, ಬಾಯಿ ಒಣಗುತ್ತೆ. ನನ್ನದು ಕೆಲಸ ಮಾಡುವಾಗ ನಡುಗೋದು. ನಮ್ಮ ತಾತನಿಗೂ ಇತ್ತು."

"ನೀವು ಕುಡೀತೀರಿ ಅಂತಾರೆ ಊರೋರು, ಸ್ವಾಮಿ."

"ಒಂದು ಗುಟುಕು ಕುಡಿದ್ರೆ ಇದು ಅಷ್ಟು ಹೊತ್ತು ನಿಲ್ಲುತ್ತೆ. ಕುಡಿಯೋದಿಲ್ಲವಲ್ಲ, ಅದಕ್ಕೇ ಕುಡುಕ ಅನ್ನೋ ಹೆಸರು ಬಂತು."

ಎರಡು ಕೈ

ಮುಂದಿನ ಭಾನುವಾರ ಡಾಕ್ಟರು ಹೊಂಗೆಯ ಕೆಳಗೆ ಬಂದು ಕುಳಿತು, ಅಪ್ಪನ ಮುಂದೆ ಗದ್ದ ಎತ್ತಿದರು. ಊರು ಸುತ್ತ ನೆರೆಯಿತು. ನಡುಗುತ್ತಲೇ ಎದ್ದ ಅಪ್ಪನ ಕೈ, ಗಾಳಿ ಅಡಗಿದಾಗ ಕೆರೆಯ ನೀರು ನಿಲ್ಲುವಂತೆ, ಕತ್ತಿಯನ್ನು ಮುಟ್ಟಿ ನಿಂತಿತು. ಗಡ್ಡ ಮುಗಿಯುವವರೆಗೂ ಒಂದು ಹನಿ ರಕ್ತವೂ ಬರಲಿಲ್ಲ.

ಗುಂಪಿನಲ್ಲಿ ಪಟೇಲರಿದ್ದರು, ಅವರ ಕತ್ತಿನ ಹಿಂದೆ ಮಾಗಿದ ಕುರು ಇತ್ತು. "ಇದನ್ನ ಈಗಲೇ ಕೊಯ್ಯಬೇಕು," ಎಂದು ಡಾಕ್ಟರು ಚೀಲದಿಂದ ತಮ್ಮ ಚಿಕ್ಕ ಚಾಕು ತೆಗೆದರು. ಪಟೇಲರು ತಿರುಗಿ ನೋಡಿದರು. ಚಾಕುವಿನ ತುದಿ ಅವರ ಕತ್ತಿನ ಎಲ್ಲ ಕಡೆಗೂ ಏಕಕಾಲದಲ್ಲಿ ಗುರಿಯಿಟ್ಟಿತ್ತು.

"ಸ್ವಾಮಿ, ನೀವು ಓದ್ದೋರು. ಎಲ್ಲಿ ಕುಯ್ಬೇಕು ಅಂತ ಹೇಳಿ, ಸಾಕು. ಚಾಕು ಅವನ್ ಕೈಗೆ ಕೊಡಿ."

ಡಾಕ್ಟರು ತೋರಿಸಿದರು, ಅಪ್ಪ ಕೊಯ್ದರು. ಪಟೇಲರ ಮುಖ ತಿಳಿಯಾಯಿತು. ಅಪ್ಪ ಚಾಕು ಒರೆಸಿಟ್ಟು, ಕೈಯನ್ನು ಮೊಣಕಾಲ ಮೇಲಿಟ್ಟರು. ಅದು ಮತ್ತೆ ನಡುಗತೊಡಗಿತು. ಪಟೇಲರು ಗಾಬರಿಯಿಂದ ಜನರ ಕಡೆ ತಿರುಗಿದರು.

"ನೋಡ್ಕೊಂಡ್ ನಿಂತಿದೀರಲ್ಲ, ಯಾರಾದ್ರೂ ಬೇಗ ಅವನಿಗೊಂದು ಗಡ್ಡ ಕೊಡ್ರಲಾ."

ಏಳು ಜನ ಸಾಲಾಗಿ ಕುಳಿತರು. ಆ ಸುಗ್ಗಿಯ ರಾಗಿ ಬಂದಿತು.

ಇದನ್ನು ಓದಿದವರಲ್ಲಿ ಒಂದು ಕೋರಿಕೆ. ನಡುಗುವ ಕೈ ಕಂಡರೆ, ಅದು ಯಾವಾಗ ನಡುಗುತ್ತದೆಂದು ನೋಡಿ, ಡಾಕ್ಟರಿಗೆ ತೋರಿಸಿ, ಅದರಿಂದ ಕೆಲಸವನ್ನು ಕಿತ್ತುಕೊಳ್ಳಬೇಡಿ. ಈ ಮಾತನ್ನು ಪಕ್ಕದ ಮನೆಯವರಿಗೂ ತಿಳಿಸಿ. ಮುಖ್ಯವಾಗಿ, ಗಡ್ಡ ಬೆಳೆದವರಿಗೆ.