ಬಿಸಿ ಕಾಫಿಗಾಗಿ ರಾಜೀನಾಮೆ

ಪಂಚಮಿ ಕೆಲಸ ಬಿಡಲು ಹೊರಟದ್ದಕ್ಕೆ ಕಾರಣ ಒಂದು ಇರುವೆ.

ಅತ್ತೆ ರುಕ್ಮಿಣಮ್ಮ ಒಂಬತ್ತು ಗಂಟೆಗೆ ತಂದಿಟ್ಟ ಕಾಫಿಯನ್ನು, ಲ್ಯಾಪ್‌ಟಾಪಿನ ಮೀಟಿಂಗ್ ಮುಗಿಸಿ ಅವಳು ಕೈಗೆತ್ತಿಕೊಂಡದ್ದು ಹತ್ತೂಕಾಲಿಗೆ. ಕೆನೆ ಕಟ್ಟಿದ ಲೋಟದಲ್ಲಿ ಇರುವೆಯೊಂದು ರಜೆಗೆ ಬಂದ ಪ್ರವಾಸಿಯಂತೆ ಹಾಯಾಗಿ ತೇಲುತ್ತಿತ್ತು. ಕಳಸದಲ್ಲಿ, ಮನೆಯ ಮೂರು ದಿಕ್ಕಿಗೂ ಕಾಫಿ ಗಿಡ ಇಟ್ಟುಕೊಂಡು, ಐದು ವರ್ಷದಿಂದ ತಾನು ಕುಡಿದದ್ದೆಲ್ಲ ಆರಿದ ಕಾಫಿಯೇ ಎಂದು ಅವಳಿಗೆ ಆಗ ಹೊಳೆಯಿತು. ಅವಳ ಟೆಕ್ ಕಂಪನಿಯಲ್ಲಿ ಲಕ್ಷ ಜನರಿದ್ದರು. ಒಬ್ಬಳು ಕಡಿಮೆಯಾದರೆ ಯಾರಿಗೂ ತಿಳಿಯದು.

“ಅತ್ತೆ, ಇವತ್ತು ಪೇಪರ್ ಹಾಕ್ತೀನಿ. ಈ ಕೆಲಸ ಸಾಕು.”

“ಬಿಡು, ನಿನ್ನಿಷ್ಟ,” ಎಂದ ರುಕ್ಮಿಣಮ್ಮ ಬಟ್ಟೆ ಒಣಹಾಕುವ ನೆಪದಲ್ಲಿ ಬೇಲಿಯತ್ತ ನಡೆದರು.

ಐದೇ ನಿಮಿಷಕ್ಕೆ ಪಕ್ಕದ ಮನೆಯ ಮೆಕ್ಯಾನಿಕ್ ನಜೀರ್ ಬಂದ. “ಎಂತ ಅಕ್ಕ ಇದು? ಕಂಪನಿಯವ್ರು ನಿಮ್ಗೆ ಅಂತ ತಾನೇ ಇಲ್ಲೀವರೆಗೆ ಇಂಟರ್ನೆಟ್ ಲೈನ್ ಎಳೆಸಿದ್ದು? ನಮ್ ಮಗಳು ಜಿಕ್ರಾ ಓದೋದು ಅದ್ರಲ್ಲೇ. ಪರೀಕ್ಷೆ ಮುಗೀಲಿ, ಆಮೇಲೆ ಬಿಡಿ.”

“ಪರೀಕ್ಷೆ ಯಾವಾಗ?”

“ಈಗ ಒಂಬತ್ತನೇ ಕ್ಲಾಸು. ಡಾಕ್ಟರಾಗ್ಬೇಕು ಅಂತಾಳೆ.”

ಅವನ ಹಿಂದೆಯೇ ತೋಟದ ಮೇಸ್ತ್ರಿ ನಿಂಗಯ್ಯ. ಅವನ ಎದೆಯ ಮೇಲೆ ‘ಜಗತ್ತನ್ನೇ ಬದಲಿಸೋಣ’ ಎಂದು ಇಂಗ್ಲಿಷಿನಲ್ಲಿತ್ತು. ಕಂಪನಿ ಕೊಟ್ಟ ಟೀ ಶರ್ಟುಗಳೆಲ್ಲ ಕೊನೆಗೆ ಅವನ ಮೈಮೇಲೆಯೇ ಸವೆಯುತ್ತಿದ್ದವು. “ಈ ಸಲದ್ದು ಉದ್ದ ತೋಳಿಂದು ಅಂದಿದ್ರಲ್ಲ ಅಮ್ಮಾ. ಅದೊಂದು ಬಂದ್ಮೇಲೆ ಬಿಟ್ರೆ ಆಗಲ್ವಾ?”

“ನಂಗೆಂತ ಇಲ್ಲಪ್ಪ,” ರುಕ್ಮಿಣಮ್ಮ ಒಳಗಿನಿಂದ ಹೇಳಿದರು. “ಎಡಗಣ್ಣಿನ ಪೊರೆ ಆಪರೇಶನ್ನು ಬರೋ ತಿಂಗಳು ಕಂಪನಿ ಇನ್ಶೂರೆನ್ಸಲ್ಲಿ ಆಗೋದಿತ್ತು. ಹೋಗ್ಲಿ, ತಡಕಾಡ್ಕೊಂಡು ಇರ್ತೀನಿ.” ಹಾಗೆನ್ನುತ್ತ ಬಾಗಿಲ ಚೌಕಟ್ಟು ತಡವಿದರು. ಈಗಷ್ಟೇ ಬೇಲಿಯಾಚೆ, ಜೀಪಿನಡಿ ಮಲಗಿದ್ದ ನಜೀರನನ್ನು ಬರೀ ಕಾಲು ನೋಡಿ ಗುರುತಿಸಿದ್ದರು.

ಪಂಚಮಿ ಆರಿದ ಕಾಫಿಯನ್ನು ಅಂಗಳಕ್ಕೆ ಚೆಲ್ಲಿದಳು. ಕಂಪನಿ ಎಲ್ಲರಿಗೂ ಏನಾದರೊಂದು ಕೊಟ್ಟಿತ್ತು. ತೆಗೆದುಕೊಂಡದ್ದು ಅವಳೊಬ್ಬಳಿಂದ. ಅದೂ ಯಾರಿಗೂ ಕಾಣದಂತೆ, ದಿನಕ್ಕೊಂದು ಲೋಟ ಬಿಸಿ ಕಾಫಿ.

ಆಪರೇಶನ್ನನ್ನು ಹೇಗಾದರೂ ಮಾಡಿಸಿದರಾಯಿತು ಎಂದುಕೊಂಡು ಊಟದ ನಂತರ ಲ್ಯಾಪ್‌ಟಾಪ್ ತೆರೆದರೆ ಇಂಟರ್ನೆಟ್ಟೇ ಇಲ್ಲ.

“ಲೈನಿಗೆ ಎಂತೋ ಆಗಿದೆ ಅಕ್ಕ,” ಎಂದ ನಜೀರ್. ಅವನ ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು.

ಮೊಬೈಲಿಗೆ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಆಚೆ ತುದಿಯಲ್ಲಿ ಮಾತ್ರ. ಅಲ್ಲಿಗೆ ಹೋದರೆ ನಿಂಗಯ್ಯ ಮೂಲೆಮೂಲೆಗೂ ಬೀಜ ಹರಡಿದ್ದ. “ಕಾಲಿಡ್ಬೇಡಿ ಅಮ್ಮಾ, ಬೀಜ ಒಡೆಯುತ್ತೆ.”

ಪಂಚಮಿ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಕಣದ ಗೇಣಗಲದ ಕಟ್ಟೆಯ ಮೇಲೆ ಸರ್ಕಸ್ಸಿನವಳಂತೆ ನಡೆದು ಆಚೆ ತುದಿ ಮುಟ್ಟಿದಳು. ಮೊಬೈಲಿನಲ್ಲೇ ರಾಜೀನಾಮೆ ಕಳಿಸಿದಳು. ಎದೆ ಹಗುರಾಯಿತು.

ಟಿಂಗ್ ಎಂದಿತು ಮೊಬೈಲು. ‘ನಿಮ್ಮ ಒಪ್ಪಿಗೆಗೆ ಒಂದು ರಾಜೀನಾಮೆ ಬಂದಿದೆ. ಹೆಸರು: ಪಂಚಮಿ.’

ಬೆಪ್ಪಾಗಿ ‘ಒಪ್ಪಿಗೆ’ ಒತ್ತಿದಳು. ‘ತಮ್ಮ ರಾಜೀನಾಮೆಯನ್ನು ತಾವೇ ಒಪ್ಪುವಂತಿಲ್ಲ. ಮೇಲಧಿಕಾರಿಯನ್ನು ಕೇಳಿ. ಮೇಲಧಿಕಾರಿ: ಪಂಚಮಿ.’

ಅಷ್ಟರಲ್ಲಿ ಬೆಂಗಳೂರಿನಿಂದ ಅವಳ ಮ್ಯಾನೇಜರ್ ಬಸವಪ್ರಸಾದರ ಫೋನು. “ಕಂಗ್ರಾಟ್ಸ್ ಪಂಚಮಿ ಅವ್ರೇ! ಬೆಳಿಗ್ಗೆ ನಾನು ಪೇಪರ್ ಹಾಕ್ದೆ. ಅದನ್ನ ಒಪ್ಪಿ ನನ್ನ ಬಾಸೂ ಬಿಟ್ರು. ಹೊಸಬರು ಬರೋವರೆಗೆ ಎರಡು ಜಾಗಕ್ಕೂ ನೀವೇ. ಒಂದೇ ಒಂದು ಮೀಟಿಂಗಿಂದ್ಲೂ ಎದ್ದು ಹೋಗದವರು ಅಂದ್ರೆ ನೀವು ಅಂತ ನಾನೇ ಹೇಳ್ದೆ.”

“ನೀವ್ಯಾಕೆ ಬಿಟ್ರಿ ಸರ್?”

“ಬಿಸಿ ಊಟ ಮಾಡಿ ಆರು ವರ್ಷ ಆಯ್ತು ಮೇಡಂ.”

ಮನೆಗೆ ಬಂದು ವಿಷಯ ಹೇಳುವಷ್ಟರಲ್ಲಿ ಲೈನು ತಾನಾಗಿಯೇ ಸರಿಹೋಯಿತು. ರುಕ್ಮಿಣಮ್ಮ ಹಬೆಯಾಡುವ ಕಾಫಿ ತಂದರು. ಪಂಚಮಿ ಲೋಟ ತುಟಿಯವರೆಗೆ ಎತ್ತಿದ್ದಳು, ಲ್ಯಾಪ್‌ಟಾಪ್ ಕೂಗಿತು. ಇಪ್ಪತ್ತಾರು ಮುಖಗಳು ಅವಳಿಗಾಗಿ ಕಾಯುತ್ತಿದ್ದವು.

ಲೋಟ ಕೆಳಗಿಟ್ಟಳು.

ರುಕ್ಮಿಣಮ್ಮ ಮೆಲ್ಲಗೆ ಅದರ ಮೇಲೊಂದು ತಟ್ಟೆ ಮುಚ್ಚಿದರು. “ನೀನು ಮಾತಾಡು. ಇನ್ಮೇಲೆ ಇರುವೆ ಬೀಳಲ್ಲ.”